ಪೂಲ್ ಕ್ಯೂವಿನ ಒಡಕು ಸದ್ದು: ಹುಡುಕಿದ ಬಗೆ, ಸರಿಪಡಿಸಿದ ಬಗೆ

ದುರಸ್ತಿಗೆ ಬಂದದ್ದು ಎರಡು ತುಂಡುಗಳ ಒಂದು ಪೂಲ್ ಕ್ಯೂ, ಅಂದರೆ ಪೂಲ್ ಆಟದಲ್ಲಿ ಚೆಂಡಿಗೆ ಹೊಡೆಯುವ ಕೋಲು. ಒಟ್ಟು ಉದ್ದ 58 ಇಂಚು, ಅಂದರೆ ಸುಮಾರು 147 ಸೆಂಟಿಮೀಟರ್. ತೂಕ 19 ಔನ್ಸ್, ಹತ್ತಿರ ಹತ್ತಿರ 540 ಗ್ರಾಂ. ಮುಂದಿನ ಅರ್ಧವಾದ ಶಾಫ್ಟ್ ಹಾರ್ಡ್ ಮೇಪಲ್ ಮರದ್ದು. ಹಿಂದಿನ ಬಟ್ ಕೂಡ ಮೇಪಲ್‌ನದ್ದೇ, ಅದಕ್ಕೆ ಕಪ್ಪು ಬಣ್ಣ ಬಳಿದು ಹಿಡಿತದ ಜಾಗದಲ್ಲಿ ಲಿನನ್ ದಾರ ಸುತ್ತಿದ್ದಾರೆ. ನನ್ನ ಅಕ್ಕನ ಮಗ ದುಬೈಯಲ್ಲಿ ಕೆಲಸದಲ್ಲಿದ್ದಾಗ ಅಲ್ಲಿಯೇ ಕೊಂಡು ಆಡುತ್ತಿದ್ದ ಇದನ್ನು ಊರಿಗೆ ಮರಳುವಾಗ ಜೊತೆಯಲ್ಲಿ ತಂದಿದ್ದ. ಕಾಸರಗೋಡು ಜಿಲ್ಲೆಯ ಕುಂಬಳೆಯಲ್ಲಿರುವ ನಮ್ಮ ಮನೆಯ ಕಪಾಟಿನ ಮೇಲೆ ಇಡೀ ಮಳೆಗಾಲ ಅದು ಮಲಗಿತ್ತು. ಬೇಸಗೆಯಲ್ಲಿ ಮತ್ತೆ ಆಡಲು ತೆಗೆದಾಗ ಅದರ ಸದ್ದು ಬದಲಾಗಿತ್ತು. ಬಿಳಿ ಚೆಂಡಿಗೆ ತಾಗಿದೊಡನೆ ಬರಬೇಕಾದ ಗಟ್ಟಿಯಾದ, ಮೊಟಕಾದ ‘ಟೊಕ್’ ಎಂಬ ಸದ್ದಿನ ಬೆನ್ನಿಗೇ ‘ಝರ್’ ಎಂಬ ಒಡಕು ಸದ್ದೊಂದು ಹತ್ತಿಕೊಂಡು ಬರುತ್ತಿತ್ತು. ಅದರ ಜೊತೆಗೆ ಹಿಂದಿನ ಕೈಯ ಬೆರಳುಗಳಲ್ಲಿ ಜುಮ್ಮೆನ್ನುವ ನಡುಕ. ಮೆಲ್ಲಗೆ ಹೊಡೆದರೆ ಅದು ಕೇಳುತ್ತಿರಲಿಲ್ಲ. ಹೊಡೆತ ಬಿರುಸಾದಷ್ಟೂ ಸ್ಪಷ್ಟವಾಗುತ್ತಿತ್ತು, ಆಟದ ಆರಂಭದಲ್ಲಿ ಚೆಂಡುಗಳ ಗುಂಪನ್ನು ಚದುರಿಸುವ ಬ್ರೇಕ್ ಹೊಡೆಯುವಾಗಲಂತೂ ಪಕ್ಕದಲ್ಲಿ ನಿಂತವರೂ ತಿರುಗಿ ನೋಡುವಷ್ಟಿತ್ತು.

ಚೆಂಡು ನೇರವಾಗಿ ಹೋಗುತ್ತಿದ್ದರೆ ಸದ್ದಿನ ಚಿಂತೆ ಏಕೆ ಎಂದು ಕೇಳುವವರಿದ್ದಾರೆ. ಅವರಿಗೆ ಕೊಡಬೇಕಾದ ಉತ್ತರ ಹೊಡೆತದ ಒಳಗೇ ಇದೆ. ಕೋಲಿನ ತುದಿಗೆ ಅಂಟಿಸಿದ ಚರ್ಮದ ಟಿಪ್ ಚೆಂಡನ್ನು ಮುಟ್ಟಿಕೊಂಡಿರುವ ಅವಧಿ ಸುಮಾರು ಒಂದು ಮಿಲಿಸೆಕೆಂಡ್, ಅಂದರೆ ಸೆಕೆಂಡಿನ ಸಾವಿರದಲ್ಲೊಂದು ಪಾಲು. ಮೇಪಲ್‌ನಂಥ ಗಟ್ಟಿ ಮರದಲ್ಲಿ ಎಳೆಯ ಉದ್ದಕ್ಕೆ ಕಂಪನವು ಸೆಕೆಂಡಿಗೆ ಸುಮಾರು 4,000 ಮೀಟರ್ ವೇಗದಲ್ಲಿ ಸಾಗುತ್ತದೆ. ಆದ್ದರಿಂದ ಟಿಪ್ ಇನ್ನೂ ಚೆಂಡಿನ ಮೇಲಿರುವಾಗಲೇ ಹೊಡೆತದ ಕಂಪನವು ಕೋಲಿನ ಹಿಂದಿನ ತುದಿಯನ್ನು ಮುಟ್ಟಿ ಮರಳಿ ಬಂದಿರುತ್ತದೆ. ನಮ್ಮ ಬೆರಳಿನಿಂದ ಮೆದುಳಿಗೆ ಆ ಸುದ್ದಿ ಮುಟ್ಟಲು ಇದರ ಹತ್ತಾರು ಪಟ್ಟು ಹೊತ್ತು ಬೇಕು. ಹಾಗಾಗಿ ಕೈಗೆ ಹೊಡೆತದ ಅನುಭವವೆಂದು ಸಿಗುವುದೆಲ್ಲ ಚೆಂಡು ಹೊರಟುಹೋದ ಮೇಲೆ ಕೋಲಿನಲ್ಲಿ ಉಳಿದ ನಡುಕ. ಆ ನಡುಕ ಈಗಾಗಲೇ ಹೊಡೆದ ಹೊಡೆತವನ್ನು ಬದಲಿಸಲಾರದು, ಆದರೆ ಕೋಲಿನ ತುದಿಯಿಂದ ಬುಡದವರೆಗೆ ಯಾವ ಕೀಲು ಗಟ್ಟಿಯಾಗಿದೆ, ಯಾವುದು ಸಡಿಲವಾಗಿದೆ ಎಂಬುದನ್ನೆಲ್ಲ ಹಾದು ಬಂದಿರುತ್ತದೆ. ಒಡಕು ಸದ್ದು ಕೇಳಿದರೆ ಎಲ್ಲೋ ಎರಡು ವಸ್ತುಗಳು ಒಂದಾಗಿರಬೇಕಾದಲ್ಲಿ ಒಂದಾಗಿಲ್ಲ ಎಂದೇ ಅರ್ಥ. ಅಲ್ಲದೆ ಕೈಗೆ ನಂಬಿಕೆ ಹುಟ್ಟಿಸದ ಕೋಲನ್ನು ಆಟಗಾರ ತನಗರಿವಿಲ್ಲದಂತೆ ಬಿಗಿಯಾಗಿ ಹಿಡಿಯತೊಡಗುತ್ತಾನೆ. ಹಿಡಿತ ಬಿಗಿಯಾದರೆ ಹೊಡೆತದ ಗೆರೆ ತಪ್ಪುತ್ತದೆ. ಸದ್ದನ್ನು ಸರಿಪಡಿಸುವುದು ಅಲಂಕಾರದ ಕೆಲಸವಲ್ಲವೆಂದು ನಾನು ದೃಢವಾಗಿ ನಂಬುತ್ತೇನೆ.

ಹುಡುಕಾಟಕ್ಕೆ ಎರಡು ನಿಯಮಗಳನ್ನು ಇಟ್ಟುಕೊಂಡೆ. ಬಿಚ್ಚುವುದು ಸುಲಭವಾದ ಕಡೆಯಿಂದ ಆರಂಭಿಸಬೇಕು, ಎಂದರೆ ಬುಡದಿಂದ ತುದಿಯ ಕಡೆಗೆ ಸಾಗಬೇಕು. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ, ಮತ್ತೆ ಹೊಡೆದು ಕೇಳದೆ ಮುಂದಿನದಕ್ಕೆ ಕೈ ಹಾಕಬಾರದು. ನಾಲ್ಕನ್ನು ಒಟ್ಟಿಗೆ ಬಿಗಿ ಮಾಡಿ ಸದ್ದು ಹೋಯಿತೆಂದರೆ ಯಾವುದರಿಂದ ಹೋಯಿತೆಂಬ ತಿಳಿವಳಿಕೆ ನಮಗೆ ಉಳಿಯುವುದಿಲ್ಲ, ಮುಂದಿನ ವರ್ಷ ಅದೇ ಸದ್ದು ಬಂದಾಗ ಮತ್ತೆ ಮೊದಲಿನಿಂದ ಹುಡುಕಬೇಕಾಗುತ್ತದೆ.

ಹೊಡೆದು ನೋಡಲು ಪ್ರತಿ ಸಲ ಮೇಜಿನ ಬಳಿ ಹೋಗಬೇಕಾಗಿಲ್ಲ. ಮನೆಯಲ್ಲೇ ಮಾಡಬಹುದಾದ ಪರೀಕ್ಷೆಯೊಂದಿದೆ. ಉದ್ದಕ್ಕೂ ಒಂದೇ ದಪ್ಪವಿರುವ ಕೋಲನ್ನು ಅಡ್ಡಲಾಗಿ ತಟ್ಟಿದರೆ, ಅದರ ಮೊದಲ ಕಂಪನದಲ್ಲಿ ಎರಡೂ ತುದಿಗಳಿಂದ ಉದ್ದದ ಶೇಕಡ 22.4ರಷ್ಟು ಒಳಗೆ ಎರಡು ಜಾಗಗಳು ಅಲುಗದೆ ನಿಲ್ಲುತ್ತವೆ. ಅಲ್ಲಿ ಹಿಡಿದರೆ ನಮ್ಮ ಬೆರಳು ಕಂಪನವನ್ನು ಅಡಗಿಸುವುದಿಲ್ಲ. ಕ್ಯೂವಿನ ಬುಡ ದಪ್ಪ, ತುದಿ ಸಪೂರವಾದ್ದರಿಂದ ಈ ಜಾಗಗಳು ಲೆಕ್ಕದಂತೆ ಅಲ್ಲಿಯೇ ಇರದೆ ಬುಡದ ಕಡೆಗೆ ಸರಿದಿರುತ್ತವೆ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಗುರವಾಗಿ ತೂಗುಹಾಕಿ, ಇನ್ನೊಂದು ಕೈಯ ಗೆಣ್ಣಿನಿಂದ ನಡುವೆ ತಟ್ಟುತ್ತ, ಹಿಡಿತವನ್ನು ಸ್ವಲ್ಪ ಸ್ವಲ್ಪವೇ ಮೇಲೆ ಕೆಳಗೆ ಸರಿಸಿದರೆ ಒಂದು ಕಡೆ ಕೋಲು ಇದ್ದಕ್ಕಿದ್ದಂತೆ ಬಿಡುಗಡೆಯಾದಂತೆ ಮೊಳಗುತ್ತದೆ. ಆ ಜಾಗಕ್ಕೆ ಪೆನ್ಸಿಲಿನಿಂದ ಸಣ್ಣ ಗುರುತು ಹಾಕಿಕೊಂಡರೆ ಪ್ರತಿ ಸಲವೂ ಒಂದೇ ಬಗೆಯಲ್ಲಿ ತಟ್ಟಿ ಕೇಳಬಹುದು. ಸರಿಯಾಗಿರುವ ಕೋಲಿನಲ್ಲಿ ಸದ್ದು ನುಣುಪಾಗಿ ಇಳಿದು ನಿಲ್ಲುತ್ತದೆ. ಇದರಲ್ಲಿ ಮೊಳಗಿನ ಕೊನೆಯಲ್ಲಿ ಒರಟಾದ ‘ಝರ್’ ಉಳಿಯುತ್ತಿತ್ತು, ಮೇಜಿನ ಮೇಲೆ ಕೇಳಿದ್ದೇ ಇದು ಎಂದು ಗುರುತಿಸುವುದು ಕಷ್ಟವಾಗಲಿಲ್ಲ.

ಮೊದಲು ಬಂಪರ್. ಬಟ್‌ನ ಹಿಂಭಾಗದಲ್ಲಿರುವ ಈ ರಬ್ಬರ್ ಬಿರಡೆ ಒಣಗಿ ಸಡಿಲಗೊಂಡರೆ ಗಡಗಡಿಸುವುದುಂಟು. ಅದನ್ನು ಕಿತ್ತು ತೆಗೆದು ತಟ್ಟಿದೆ, ಸದ್ದು ಹಾಗೆಯೇ ಇತ್ತು. ಬಂಪರಿನ ಹಿಂದಿನ ರಂಧ್ರದ ಒಳಗೆ ತೂಕ ಹೊಂದಿಸುವ ಬೋಲ್ಟ್ ಇರುತ್ತದೆ. ಒಡಕು ಸದ್ದಿಗೆ ಅತಿ ಸಾಮಾನ್ಯ ಕಾರಣಗಳಲ್ಲಿ ಇದೂ ಒಂದು. ಉದ್ದನೆಯ ಆಲನ್ ಕೀ ಹಾಕಿ ತಿರುಗಿಸಿದಾಗ ಅದು ಕಾಲು ಸುತ್ತಿನಷ್ಟು ಒಳಗೆ ಹೋಯಿತು. ಬೋಲ್ಟ್ ಸ್ವಲ್ಪ ಸಡಿಲವಾಗಿಯೇ ಇತ್ತು, ಆದರೆ ಬಿಗಿ ಮಾಡಿದ ಮೇಲೂ ‘ಝರ್’ ಕಡಿಮೆಯಾಗಲಿಲ್ಲ. ಬಂಪರನ್ನು ಮರಳಿ ಕೂರಿಸಿ ಮುಂದೆ ಹೋದೆ.

ಎರಡು ತುಂಡುಗಳು ಸೇರುವ ಜಾಯಿಂಟ್‌ನ ಮೇಲೆ ನನಗೆ ಹೆಚ್ಚು ಅನುಮಾನವಿತ್ತು. ಬಟ್‌ನಿಂದ ಹೊರಚಾಚಿದ ಸ್ಕ್ರೂ ಗಟ್ಟಿಯಾಗಿದ್ದರೂ, ಎರಡು ಮುಖಗಳು ಒಂದನ್ನೊಂದು ಪೂರ್ತಿ ಮುಟ್ಟದೆ ಒಂದು ಬದಿಯಲ್ಲಷ್ಟೇ ತಾಗಿಕೊಂಡಿದ್ದರೆ ಹೊಡೆತದ ಕಂಪನ ಅಲ್ಲಿ ಹರಿದುಹೋಗುತ್ತದೆ. ಇದನ್ನು ನೋಡಲು ಬಾಗಿಲಿನ ಕೀಲು ಕೂರಿಸುವಾಗ ನಮ್ಮ ಆಚಾರಿಗಳು ಮಾಡುವ ಉಪಾಯವೇ ಸಾಕು. ಮೆತ್ತನೆಯ 6ಬಿ ಪೆನ್ಸಿಲಿನಿಂದ ಬಟ್‌ನ ಮುಖದ ಮೇಲೆ ತೆಳ್ಳಗೆ ಕಪ್ಪು ತಿಕ್ಕಿ, ಶಾಫ್ಟನ್ನು ತಿರುಗಿಸಿ ಬಿಗಿದು, ಬಿಚ್ಚಿ ನೋಡಿದೆ. ಶಾಫ್ಟ್‌ನ ಬುಡದ ಉಂಗುರದ ಸುತ್ತ ಬಹುಪಾಲು ಒಂದೇ ಸಮನಾದ ಬೂದುಬಣ್ಣ ಹತ್ತಿತ್ತು, ಒಂದು ಕಡೆ ಮಾತ್ರ ಅಕ್ಕಿಕಾಳಿನ ಅಗಲದಷ್ಟು ಜಾಗ ಬೆಳ್ಳಗೆ ಉಳಿದಿತ್ತು. ಅಲ್ಲಿ ಒಣಗಿದ ಮೇಣದ ಕಣವೊಂದು ಕುಳಿತಿತ್ತು. ಉಗುರಿನಿಂದ ಅದನ್ನು ಎಬ್ಬಿಸಿ, ಸ್ಪಿರಿಟ್ ಅದ್ದಿದ ಬಟ್ಟೆಯಿಂದ ಎರಡೂ ಮುಖಗಳನ್ನು ಒರೆಸಿ ಮತ್ತೆ ಬಿಗಿದೆ. ಈ ಸಲ ಮೊಳಗು ಸ್ವಲ್ಪ ತುಂಬಿಕೊಂಡಿತು, ಬಟ್‌ಗೆ ಕಿವಿಯಿಟ್ಟು ತಟ್ಟಿದರೆ ವ್ಯತ್ಯಾಸ ತಿಳಿಯುತ್ತಿತ್ತು. ಆದರೂ ಒಡಕು ಹೋಗಲಿಲ್ಲ. ಆಗ ಶಾಫ್ಟನ್ನು ಬಿಚ್ಚಿ ಅದೊಂದನ್ನೇ ಹಿಡಿದು ತಟ್ಟಿದೆ; ‘ಝರ್’ ಅದರೊಳಗೇ ಇತ್ತು.

ಇಲ್ಲಿಂದ ಮುಂದೆ ಉಳಿದದ್ದು ಫೆರೂಲ್ ಮತ್ತು ಟಿಪ್ ಎರಡೇ. ಶಾಫ್ಟಿನ ತುದಿಯಲ್ಲಿ ಮರವನ್ನು ಸುಮಾರು 8 ಮಿಲಿಮೀಟರ್ ದಪ್ಪಕ್ಕೆ ಕಡೆದು ಮಾಡಿದ ಸಪೂರ ಕೊರಡಿಗೆ ಬಿಳಿಯ ಫೆರೂಲನ್ನು ತೊಡಿಸಿ ಅಂಟಿಸಿರುತ್ತಾರೆ. ಚರ್ಮದ ಹಿಂದೆ ಮರ ಸೀಳದಂತೆ ಕಾಯುವುದೇ ಅದರ ಕೆಲಸ. ಕೈಯಿಂದ ಅಲುಗಾಡಿಸಿದರೆ ಅದು ಅಲುಗಲಿಲ್ಲ, ಕಣ್ಣಿಗೂ ಏನೂ ಕಾಣಲಿಲ್ಲ. ಭೂತಗನ್ನಡಿ ಹಿಡಿದು ಫೆರೂಲ್ ಮತ್ತು ಮರ ಸೇರುವ ಗೆರೆಯ ಸುತ್ತ ಐಸೊಪ್ರೊಪೈಲ್ ಆಲ್ಕೊಹಾಲಿನ ಒಂದು ಹನಿಯನ್ನು ಹರಿಯಬಿಟ್ಟೆ. ಶಾಫ್ಟನ್ನು ತಲೆಕೆಳಗಾಗಿ ಹಿಡಿದು ಟಿಪ್ಪನ್ನು ನೆಲಕ್ಕೆ ಒತ್ತಿದಾಗ ಗೆರೆಯ ಒಂದು ಬದಿಯಿಂದ ಸೂಜಿಮೊನೆಯಷ್ಟು ಸಣ್ಣ ಗುಳ್ಳೆಯೊಂದು ಹೊರಬಂತು; ಒತ್ತಡ ಬಿಟ್ಟಾಗ ಅಲ್ಲಿದ್ದ ಆಲ್ಕೊಹಾಲು ಒಳಗೆ ಸರಿಯಿತು, ಮತ್ತೆ ಒತ್ತಿದರೆ ಮತ್ತೆ ಗುಳ್ಳೆ. ಒಳಗೆ ಗಾಳಿಯಾಡಲು ಜಾಗವಿದೆ, ಅಂಟು ಬಿಟ್ಟಿದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾಗಿರಲಿಲ್ಲ. ಫೆರೂಲ್ ಬಿಗಿಯಾಗಿ ಕುಳಿತಂತೆ ತೋರುತ್ತಿದ್ದರೂ ಪ್ರತಿ ಹೊಡೆತಕ್ಕೂ ಆ ಕೊರಡಿನ ಮೇಲೆ ಕಣ್ಣಿಗೆ ಕಾಣದಷ್ಟು ಜಾರಿ ಕಂಪಿಸುತ್ತಿತ್ತು.

ಅಂಟು ಬಿಟ್ಟದ್ದೇಕೆ ಎಂಬುದು ನಮ್ಮ ಊರಿನ ಹವೆಯನ್ನು ಬಲ್ಲವರಿಗೆ ವಿವರಿಸಬೇಕಾದದ್ದಲ್ಲ. ಕಾಸರಗೋಡು ಜಿಲ್ಲೆಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ. ಆ ತಿಂಗಳುಗಳಲ್ಲಿ ಮರ ಗಾಳಿಯ ತೇವವನ್ನು ಹೀರಿ ಎಳೆಗೆ ಅಡ್ಡಲಾಗಿ ಹಿಗ್ಗುತ್ತದೆ, ಬೇಸಗೆಯಲ್ಲಿ ಕುಗ್ಗುತ್ತದೆ. ಎಳೆಯ ಉದ್ದಕ್ಕೆ ಮಾತ್ರ ಹೆಚ್ಚು ಕಡಿಮೆ ಇದ್ದಲ್ಲೇ ಇರುತ್ತದೆ. ಕೊರಡಿನ ಸುತ್ತ ಇರುವ ಪ್ಲಾಸ್ಟಿಕ್ ಫೆರೂಲಿಗೆ ಈ ಹಿಗ್ಗು ಕುಗ್ಗು ಇಲ್ಲ. ಹವಾನಿಯಂತ್ರಿತ ಕೋಣೆಯ ಒಣ ಗಾಳಿಯಲ್ಲಿ ಇದ್ದ ಮೇಪಲ್ ಕೊರಡು ಇಲ್ಲಿ ಬಂದು ಫೆರೂಲಿನ ಒಳಗೆ ಊದಿಕೊಂಡು, ಹೋಗಲು ಜಾಗವಿಲ್ಲದೆ ತನ್ನನ್ನೇ ಒತ್ತಿಕೊಂಡು, ಮುಂದೆ ಒಣಗಿದಾಗ ಮೊದಲಿಗಿಂತ ಸಪೂರವಾಗಿ ಅಂಟಿನ ಪದರದಿಂದ ಕಳಚಿಕೊಂಡಿದೆ. ಶಾಫ್ಟ್ ಬಾಗಿದೆಯೇ ಎಂದು ಅಮೃತಶಿಲೆಯ ಮೇಜಿನ ಮೇಲೆ ಉರುಳಿಸಿ, ಕೆಳಗಿನಿಂದ ಬೆಳಕು ತೂರುತ್ತದೆಯೇ ಎಂದೂ ನೋಡಿದೆ. ಅದು ನೇರವಾಗಿಯೇ ಇತ್ತು, ಅದೊಂದು ಸಮಾಧಾನ. ಬಾಗಿದ ಶಾಫ್ಟನ್ನು ಶಾಶ್ವತವಾಗಿ ನೇರ ಮಾಡುವ ದಾರಿ ನನ್ನ ಅನುಭವದಲ್ಲಿಲ್ಲ.

ಹಳೆಯ ಟಿಪ್ಪನ್ನು ಬ್ಲೇಡಿನಿಂದ ಸೀಳಿ ತೆಗೆಯುವುದು ಮನೆಯಲ್ಲೇ ಆಯಿತು. ಫೆರೂಲಿನ ಕೆಲಸಕ್ಕೆ ಮಾತ್ರ ಲೇತ್, ಅಂದರೆ ವಸ್ತುವನ್ನು ಚಕ್ ಎಂಬ ಹಿಡಿಯಲ್ಲಿ ಕಚ್ಚಿಸಿ ತಿರುಗಿಸುತ್ತ ಕಡೆಯುವ ಯಂತ್ರ ಬೇಕು, ಏಕೆಂದರೆ ಹೊಸ ಫೆರೂಲ್ ಮರದ ನಡುಗೆರೆಗೆ ಸರಿಯಾಗಿ ಕೂರದಿದ್ದರೆ ಟಿಪ್ಪಿನ ನಡು ಒಂದು ಕಡೆ, ಕೋಲಿನ ನಡು ಇನ್ನೊಂದು ಕಡೆ ಆಗುತ್ತದೆ. ಬದಿಯಡ್ಕದ ಹತ್ತಿರ ಪಂಪ್‌ಸೆಟ್ಟಿನ ಶಾಫ್ಟ್, ಅಡಿಕೆ ಸುಲಿಯುವ ಯಂತ್ರದ ಬಿಡಿಭಾಗಗಳನ್ನು ಕಡೆದುಕೊಡುವ ವರ್ಕ್‌ಶಾಪ್ ಇದೆ. ಅಲ್ಲಿಯವರು ಕ್ಯೂವನ್ನು ಮೊದಲ ಸಲ ಕೈಯಲ್ಲಿ ಹಿಡಿದದ್ದಾದರೂ ಅದರ ಸ್ವಭಾವವನ್ನು ಕೂಡಲೇ ಅರಿತರು. “ಮಾಷ್ಟ್ರೇ, ಇದು ಉದ್ದ ಉಂಟು, ಸಪೂರ ಉಂಟು. ಚಕ್ಕಿನಲ್ಲಿ ಮುಂದೆ ಮಾತ್ರ ಹಿಡಿದು ಓಡಿಸಿದರೆ ಹಿಂದಿನ ತುದಿ ಬೀಸಲಿಕ್ಕೆ ಶುರುವಾಗ್ತದೆ. ಹಿಂದೆಯೂ ಒಂದು ಹಿಡಿತ ಬೇಕು” ಎಂದರು. “ನೀವು ಹೇಳಿದ ಹಾಗೆಯೇ ಆಗಲಿ, ಅವಸರ ಇಲ್ಲ” ಎಂದೆ. ಶಾಫ್ಟನ್ನು ಲೇತಿನ ಟೊಳ್ಳು ಸ್ಪಿಂಡಲ್ಲಿನ ಒಳಗಿನಿಂದ ತೂರಿಸಿ, ಟಿಪ್ಪಿನ ತುದಿ ಮಾತ್ರ ಚಕ್ಕಿನಿಂದ ಎರಡು ಇಂಚಿನಷ್ಟು ಹೊರಗೆ ಕಾಣುವಂತೆ ಇಟ್ಟು, ಹಿಂಬದಿಯಲ್ಲಿ ನೈಲಾನಿನ ಒಂದು ಬುಷ್ ಕಡೆದು ಹಾಕಿ ಅವರು ಅದನ್ನು ನಡುವಿಗೆ ನಿಲ್ಲಿಸಿದರು. ಚಕ್ಕಿನ ಹಲ್ಲು ಮರಕ್ಕೆ ಊರದಂತೆ ಸೀಳಿದ ನೈಲಾನ್ ಕೊಳವೆಯೊಂದನ್ನು ನಡುವೆ ಇಟ್ಟದ್ದೂ ಅವರದೇ ಯೋಚನೆ. ಕಡಿಮೆ ವೇಗದಲ್ಲಿ ತಿರುಗಿಸಿ, ಹಳೆಯ ಫೆರೂಲನ್ನು ಪದರ ಪದರವಾಗಿ ಸವೆಸುತ್ತ ಬಂದಾಗ ಕೊನೆಯ ತೆಳು ಸಿಪ್ಪೆ ತಾನಾಗಿಯೇ ಸುತ್ತಿಕೊಂಡು ಕಳಚಿತು. ಅದರ ಒಳಮೈಯಲ್ಲಿ ಹಳೆಯ ಅಂಟು ಗಾಜಿನಂತೆ ನುಣುಪಾಗಿ ಉಳಿದಿತ್ತು, ಮರಕ್ಕೆ ಒಂದಿಷ್ಟೂ ಹಿಡಿದಿರಲಿಲ್ಲ.

ಹೊಸ ಫೆರೂಲಿಗೆ ಯಾವ ವಸ್ತು ಎಂಬಲ್ಲಿ ಸ್ವಲ್ಪ ನಿಲ್ಲಬೇಕು. ಭಾರತದಲ್ಲಿ ಈ ಆಟಗಳ ಮುಖ್ಯ ಪರಂಪರೆ ಬಿಲಿಯರ್ಡ್ಸ್ ಮತ್ತು ಸ್ನೂಕರಿನದ್ದು. ಸ್ನೂಕರ್ ಹುಟ್ಟಿದ್ದು 1875ರಲ್ಲಿ ಜಬಲ್ಪುರದ ಸೇನಾ ಭೋಜನಶಾಲೆಯಲ್ಲಿ ಎನ್ನುತ್ತಾರೆ, ಅದರ ನಿಯಮಗಳು ರೂಪುಗೊಂಡದ್ದು ನಮ್ಮ ನೆರೆಯ ನೀಲಗಿರಿಯ ಊಟಿ ಕ್ಲಬ್ಬಿನಲ್ಲಿ. ಸ್ನೂಕರ್ ಕ್ಯೂ ಸಾಮಾನ್ಯವಾಗಿ ಆ್ಯಶ್ ಮರದ್ದು, ಅದರ ಟಿಪ್ 9ರಿಂದ 10 ಮಿಲಿಮೀಟರ್, ಫೆರೂಲ್ ಹಿತ್ತಾಳೆಯದು, ಚೆಂಡು 52.5 ಮಿಲಿಮೀಟರ್. ಪೂಲ್ ಚೆಂಡು 57.15 ಮಿಲಿಮೀಟರ್ ವ್ಯಾಸದ್ದಾಗಿದ್ದು ಹೆಚ್ಚು ಭಾರ. ಅದಕ್ಕೆ ತಕ್ಕಂತೆ ಟಿಪ್ 12ರಿಂದ 13 ಮಿಲಿಮೀಟರ್, ಫೆರೂಲ್ ಹಗುರವಾದ ರಾಳದ್ದು. ಹಿತ್ತಾಳೆಯ ಹೊಡೆತಕ್ಕೆ ಪಳಗಿದ ಕಿವಿಗೆ ಪೂಲ್ ಕ್ಯೂ ಮಂಕಾಗಿ ಕೇಳುವುದು ಸಹಜ. ಇದನ್ನು ಕಂಡ ಹಿರಿಯ ಆಟಗಾರರೊಬ್ಬರು ಹಿತ್ತಾಳೆಯದ್ದನ್ನೇ ಹಾಕಿಸಲು ಹೇಳಿದರು. ಅವರ ಅನುಭವದ ಮೇಲೆ ನನಗೆ ಗೌರವವಿದೆ, ಆದರೂ ನಾನು ಒಪ್ಪಲಿಲ್ಲ. ತುದಿಯಲ್ಲಿ ತೂಕ ಹೆಚ್ಚಾದಷ್ಟೂ, ಚೆಂಡಿನ ನಡುವಿನಿಂದ ಪಕ್ಕಕ್ಕೆ ಹೊಡೆದಾಗ ಚೆಂಡು ಗುರಿಯ ಗೆರೆಯಿಂದ ಆಚೆಗೆ ತಳ್ಳಿಕೊಂಡು ಹೋಗುವುದು ಹೆಚ್ಚಾಗುತ್ತದೆ. ಸಪೂರವಾದ ಸ್ನೂಕರ್ ತುದಿಯಲ್ಲಿ ಒಪ್ಪುವ ಹಿತ್ತಾಳೆಯನ್ನು 13 ಮಿಲಿಮೀಟರಿಗೆ ಹಿಗ್ಗಿಸಿದರೆ ತುದಿಗೆ ಭಾರ ಕಟ್ಟಿದಂತಾಗುತ್ತದೆ, ಸದ್ದು ಬಂದರೂ ಗುರಿ ಕೆಡುತ್ತದೆ. ಲಿನನ್ ಬಟ್ಟೆಯ ಪದರಗಳನ್ನು ಮೆಲಮೈನ್ ರಾಳದಲ್ಲಿ ಗಟ್ಟಿಗೊಳಿಸಿ ಮಾಡಿದ ತುಂಡನ್ನು ತರಿಸಿದೆ. ಅದು ಗಟ್ಟಿ, ಹಗುರ, ಸುಲಭಕ್ಕೆ ಬಿರುಕು ಬಿಡದು.

ಫೆರೂಲಿನ ರಂಧ್ರ ಆರಪಾರ ಇರಬಹುದು, ಇಲ್ಲವೇ ಮೇಲ್ತುದಿ ಮುಚ್ಚಿರಬಹುದು. ಆರಪಾರ ಇದ್ದರೆ ಕೊರಡಿನ ಕತ್ತರಿಸಿದ ತುದಿ ನೇರ ಟಿಪ್ಪಿನ ಅಡಿಗೆ ಬರುತ್ತದೆ. ಮರ ತೇವವನ್ನು ಅತ್ಯಂತ ಬೇಗ ಹೀರುವುದು ಎಳೆ ಕತ್ತರಿಸಿದ ತುದಿಯಿಂದಲೇ ಆದ್ದರಿಂದ ನಮ್ಮ ಕರಾವಳಿಗೆ ಮುಚ್ಚಿದ ಫೆರೂಲೇ ಲೇಸು ಎಂಬುದು ನನ್ನ ತೀರ್ಮಾನ. ಇದರಲ್ಲಿ ಒಂದು ತೊಡಕಿದೆ: ಅಂಟು ಹಚ್ಚಿ ತೊಡಿಸುವಾಗ ಒಳಗಿನ ಗಾಳಿ ಸಿಕ್ಕಿಬಿದ್ದು ಫೆರೂಲನ್ನು ಹಿಂದಕ್ಕೆ ತಳ್ಳುತ್ತದೆ, ಮೇಲ್ಗಡೆ ಟೊಳ್ಳು ಉಳಿಯುತ್ತದೆ. ಟೊಳ್ಳು ಉಳಿದರೆ ಸದ್ದೂ ಟೊಳ್ಳೇ. ಇದಕ್ಕಾಗಿ ಕೊರಡಿನ ಉದ್ದಕ್ಕೆ ಮೂಲೆಯ ಅರದಿಂದ ಒಂದು ಸಣ್ಣ ಗೀರು ಎಳೆದೆ. ಗಾಳಿಯೂ ಹೆಚ್ಚುವರಿ ಅಂಟೂ ಆ ದಾರಿಯಲ್ಲಿ ಹೊರಬರುತ್ತವೆ. ಕೊರಡು ರಂಧ್ರದೊಳಗೆ ಒತ್ತಡವಿಲ್ಲದೆ ಜಾರಿ ಇಳಿಯಬೇಕು, ಆದರೆ ಅಲುಗಬಾರದು. ಕೊಡತಿಯಿಂದ ಹೊಡೆದು ಇಳಿಸುವಷ್ಟು ಬಿಗಿಯಾದರೆ ಅಂಟಿಗೆ ಜಾಗವೇ ಇರುವುದಿಲ್ಲ, ಮುಂದಿನ ಮಳೆಗಾಲಕ್ಕೆ ಮರ ಹಿಗ್ಗಲೂ ಎಡೆಯಿರುವುದಿಲ್ಲ.

ಅಂಟಿಗೆ ಅರಾಲ್ಡೈಟ್, ಅದರಲ್ಲೂ ನಿಧಾನವಾಗಿ ಗಟ್ಟಿಯಾಗುವ ಬಗೆ. ಐದು ನಿಮಿಷದಲ್ಲಿ ಕಟ್ಟುವ ಅಂಟು ಅವಸರಕ್ಕೆ ಒಳ್ಳೆಯದಾದರೂ ಇಂಥ ಪೆಟ್ಟು ತಿನ್ನುವ ಕೀಲಿಗೆ ನಾನು ಅದನ್ನು ಬಳಸುವುದಿಲ್ಲ. ಶಾಫ್ಟನ್ನು ಮೊದಲು ಕೆಲವು ದಿನ ಒಳಗಿನ ಒಣ ಕೋಣೆಯಲ್ಲಿಟ್ಟು, ಮೋಡವಿಲ್ಲದ ದಿನ ನೋಡಿ ಅಂಟಿಸಿದೆ. ಒದ್ದೆ ಮರದ ಮೇಲೆ ಅಂಟು ಹಾಕಿದರೆ ಹಳೆಯ ಕಥೆಯೇ ಮರುಕಳಿಸುತ್ತದೆ. ಕೊರಡಿನ ಹಳೆಯ ಅಂಟನ್ನು ಕೆರೆದು, ಒರಟು ಸ್ಯಾಂಡ್‌ಪೇಪರಿನಿಂದ ಅಡ್ಡಲಾಗಿ ಉಜ್ಜಿ, ಸ್ಪಿರಿಟಿನಿಂದ ಒರೆಸಿ ಒಣಗಿಸಿ, ಎರಡೂ ಮೈಗಳಿಗೆ ತೆಳ್ಳಗೆ ಅಂಟು ಸವರಿ, ಫೆರೂಲನ್ನು ತಿರುಗಿಸುತ್ತ ಇಳಿಸಿದಾಗ ಗೀರಿನ ಬಾಯಿಯಿಂದ ಮೊದಲು ಗುಳ್ಳೆ, ಆಮೇಲೆ ಗುಳ್ಳೆಯಿಲ್ಲದ ಸ್ವಚ್ಛ ಅಂಟು ಬಂತು. ಅಲ್ಲಿಗೆ ಒಳಗೆ ಗಾಳಿ ಉಳಿದಿಲ್ಲವೆಂದು ತಿಳಿದು, ಹೊರಗೆ ಬಂದದ್ದನ್ನು ಒರೆಸಿ, ಒಂದು ಹಗಲು ಒಂದು ರಾತ್ರಿ ಮುಟ್ಟದೆ ಬಿಟ್ಟೆ. ಮತ್ತೆ ಲೇತಿಗೆ ಏರಿಸಿ, ಮೊದಲೇ ದಪ್ಪವಾಗಿದ್ದ ಫೆರೂಲನ್ನು ಮರದ ಅಳತೆಯಾದ 12.8 ಮಿಲಿಮೀಟರಿಗೆ ಇಳಿಸಿದೆವು. ಕೊನೆಯ ಅಂಶವನ್ನು 400, 600 ಮತ್ತು 1000 ಸಂಖ್ಯೆಯ ಸ್ಯಾಂಡ್‌ಪೇಪರಿನಿಂದಲೇ ತಂದೆವು. ಕಣ್ಣು ಮುಚ್ಚಿ ಉಗುರು ಎಳೆದರೆ ಮರ ಮುಗಿದು ಫೆರೂಲ್ ಆರಂಭವಾಗುವ ಜಾಗ ತಿಳಿಯಬಾರದು.

ಟಿಪ್ ಹಾಕುವ ಮುನ್ನವೇ ಶಾಫ್ಟನ್ನು ತೂಗುಹಾಕಿ ತಟ್ಟಿದೆ. ‘ಝರ್’ ಇರಲಿಲ್ಲ. ಮೊಳಗು ಕೊನೆಯವರೆಗೂ ನುಣುಪಾಗಿ ಇಳಿಯಿತು.

ಟಿಪ್ಪಿನ ವಿಷಯ ಬೇರೆಯೇ ಒಂದು ಲೋಕ. ಕ್ಯೂವಿನ ತುದಿಗೆ ಚರ್ಮ ಹಾಕುವ ಪದ್ಧತಿಯ ಶ್ರೇಯಸ್ಸನ್ನು ಹತ್ತೊಂಬತ್ತನೆಯ ಶತಮಾನದ ಆರಂಭದ ಫ್ರಾನ್ಸಿನ ಫ್ರಾನ್ಸ್ವಾ ಮೆಂಗೊ ಎಂಬ ಸೇನಾಧಿಕಾರಿಗೆ ಕೊಡುತ್ತಾರೆ. ಅಲ್ಲಿಯವರೆಗೆ ಬರಿಯ ಮರ ಚೆಂಡಿನ ಮೇಲೆ ಜಾರುತ್ತಿತ್ತು. ಇಂದು ಷಿಕಾಗೋದ ಟ್ವೀಟನ್ ಕಂಪನಿಯ ಮೃದುವಾದ ಎಲ್ಕ್ ಮಾಸ್ಟರ್, ಗಟ್ಟಿಯಾದ ಟ್ರಯಾಂಗಲ್ ಮೊದಲಾದ ಒಂದೇ ತುಂಡಿನ ಟಿಪ್ಪುಗಳಿಂದ ಹಿಡಿದು, ಹಂದಿಯ ಚರ್ಮದ ತೆಳು ಪದರಗಳನ್ನು ಒಂದರ ಮೇಲೊಂದು ಅಂಟಿಸಿದ ಜಪಾನಿನ ಕಮುಯಿಯಂಥ ದುಬಾರಿ ಟಿಪ್ಪುಗಳವರೆಗೆ ಎಲ್ಲ ಸಿಗುತ್ತವೆ. ಮೃದು ಟಿಪ್ ಚೆಂಡನ್ನು ತುಸು ಹೆಚ್ಚು ಹೊತ್ತು ಮುಟ್ಟಿಕೊಂಡಿದ್ದು ಸದ್ದು ತಗ್ಗುತ್ತದೆ, ಗಟ್ಟಿಯಾದದ್ದರ ಸ್ಪರ್ಶ ಚಿಕ್ಕದು, ಸದ್ದು ಎತ್ತರದ್ದು. ಮೃದುವಾದದ್ದೇ ಹೆಚ್ಚು ಸ್ಪಿನ್ ಕೊಡುತ್ತದೆಂಬ ಮಾತನ್ನು ನಾನು ನಂಬುವುದಿಲ್ಲ. ಟಿಪ್ ಜಾರದೆ ಹಿಡಿದುಕೊಂಡರೆ ಸ್ಪಿನ್ ತೀರ್ಮಾನವಾಗುವುದು ಚೆಂಡಿನ ನಡುವಿನಿಂದ ಎಷ್ಟು ದೂರದಲ್ಲಿ ಹೊಡೆದಿದ್ದೇವೆ ಎಂಬುದರಿಂದ. ಆ ದೂರ ಚೆಂಡಿನ ತ್ರಿಜ್ಯದ ಸುಮಾರು ಅರ್ಧವನ್ನು, ಅಂದರೆ ಪೂಲ್ ಚೆಂಡಿನಲ್ಲಿ 14 ಮಿಲಿಮೀಟರಿನ ಆಸುಪಾಸನ್ನು ಮೀರಿದರೆ ಯಾವ ಟಿಪ್ಪಾದರೂ ಜಾರಿ ಮಿಸ್‌ಕ್ಯೂ ಆಗುತ್ತದೆ. ಹಿಡಿತವನ್ನು ಕೊಡುವುದು ಟಿಪ್ಪಿಗೆ ಸವರುವ ಚಾಕ್. 1897ರಲ್ಲಿ ಅಮೆರಿಕದ ಸ್ಪಿಂಕ್ಸ್ ಮತ್ತು ಹಾಸ್ಕಿನ್ಸ್ ಪೇಟೆಂಟ್ ಪಡೆದಂದಿನಿಂದ ಅದು ಸಿಲಿಕಾದಂಥ ಗಟ್ಟಿ ಕಣಗಳ ಪುಡಿಯೇ ಹೊರತು ಶಾಲೆಯ ಸೀಮೆಸುಣ್ಣದ ಜಾತಿಯದ್ದಲ್ಲ.

ನಾನು ಆರಿಸಿದ್ದು ಒಂದೇ ತುಂಡಿನ, ಮಧ್ಯಮ ಗಟ್ಟಿತನದ ಚರ್ಮ. ಒಂದೇ ಪೆಟ್ಟಿಗೆಯಲ್ಲಿ ಬಂದ ಟಿಪ್ಪುಗಳು ಒಂದರಂತೆ ಒಂದು ಇರುವುದಿಲ್ಲ, ಏಕೆಂದರೆ ಚರ್ಮದ ಒಂದೊಂದು ಭಾಗದ ಬಿಗಿ ಒಂದೊಂದು ಬಗೆ. ಮದ್ದಳೆಗೆ ಚರ್ಮ ಆರಿಸುವವರು ಬೆರಳಿನಿಂದ ಮಿಡಿದು ಕೇಳುವಂತೆ ಇಲ್ಲಿಯೂ ಕಿವಿಯೇ ಅಳತೆಗೋಲು. ಅಡುಗೆಮನೆಯ ಗ್ರಾನೈಟ್ ಕಟ್ಟೆಯ ಮೇಲೆ ಒಂದೊಂದನ್ನೇ ಗೇಣೆತ್ತರದಿಂದ ಬಿಟ್ಟೆ. ಕೆಲವು ‘ದಪ್’ ಎಂದು ಬಿದ್ದಲ್ಲೇ ಕೂತವು, ಕೆಲವು ‘ಟಿಕ್’ ಎಂದು ಪುಟಿದವು. ಸ್ಪಷ್ಟವಾದ ಸದ್ದಿನೊಡನೆ ಪುಟಿದರೂ ಎಲುಬಿನಂತೆ ಕಿರುಚದ ಒಂದನ್ನು ತೆಗೆದಿಟ್ಟುಕೊಂಡೆ.

ಫೆರೂಲಿನ ಮುಖ ಲೇತಿನಲ್ಲಿ ಸಮತಟ್ಟಾಗಿತ್ತು. ಟಿಪ್ಪಿನ ಅಡಿಯನ್ನು ಗಾಜಿನ ಮೇಲೆ ಹರಡಿದ 220ರ ಸ್ಯಾಂಡ್‌ಪೇಪರಿಗೆ ಉಜ್ಜಿ ಅದೂ ಸಮತಟ್ಟಾಗುವಂತೆ ಮಾಡಿದೆ. ಇಲ್ಲಿ ನಡುವೆ ತಗ್ಗು ಉಳಿದರೆ ಹೊಡೆತದ ‘ಟೊಕ್’ ಸತ್ತುಹೋಗುತ್ತದೆ. ಇಲ್ಲಿ ಫೆವಿಕ್ವಿಕ್ ಜಾತಿಯ ಅಂಟಿನ ಗಟ್ಟಿ ಜೆಲ್ ಒಳ್ಳೆಯದು, ತೆಳು ಅಂಟನ್ನು ಚರ್ಮ ಹೀರಿಕೊಂಡು ಒಳಗೆ ಕಲ್ಲಾಗುತ್ತದೆ. ಒತ್ತಿಹಿಡಿದು ಕೂರಿಸಿದ ಮೇಲೆ ಹೊರಚಾಚಿದ ಚರ್ಮವನ್ನು, ಟಿಪ್ ಕೆಳಮುಖವಾಗಿರುವಂತೆ ಶಾಫ್ಟನ್ನು ಹಲಗೆಗೆ ಒತ್ತಿ, ಹೊಸ ಬ್ಲೇಡಿನಿಂದ ಸುತ್ತಲೂ ಕತ್ತರಿಸಿದೆ. ಬದಿಗಳಿಗೆ ಒಂದು ತೊಟ್ಟು ನೀರು ಸವರಿ ದಪ್ಪ ಚರ್ಮದ ತುಂಡಿನಿಂದ ಬಿಸಿಯಾಗುವಷ್ಟು ತಿಕ್ಕಿದಾಗ ಅಂಚು ಕಪ್ಪಾಗಿ ಮಿನುಗಿ ಗಟ್ಟಿಯಾಯಿತು. ಹೀಗೆ ಮಾಡಿದರೆ ಆಟದಲ್ಲಿ ಅಂಚು ಅಣಬೆಯಾಗಿ ಹರಡುವುದು ತಡವಾಗುತ್ತದೆ. ತುದಿಯ ಗುಮ್ಮಟಕ್ಕೆ ಅಮೆರಿಕದವರು ತಮ್ಮ ನಿಕಲ್ ನಾಣ್ಯದ ಬಾಗನ್ನು ಅಳತೆಯಾಗಿ ಹೇಳುತ್ತಾರೆ, ಅದರ ವ್ಯಾಸ 21.2 ಮಿಲಿಮೀಟರ್. 2011ರ ಸರಣಿಯ ನಮ್ಮ ಒಂದು ರೂಪಾಯಿ ನಾಣ್ಯ ಸುಮಾರು 22 ಮಿಲಿಮೀಟರ್. ಟಿಪ್ಪಿನ ಬದಿಗೆ ಅದನ್ನು ಹಿಡಿದು ಎರಡರ ಬಾಗು ಹೊಂದುವವರೆಗೆ ಉಜ್ಜಿದರೆ ಕೆಲಸ ಸಲೀಸು.

ಉಪ್ಪಳದ ಒಂದು ಪೂಲ್ ಕೋಣೆಯ ಮೇಜಿನಲ್ಲಿ, ಫ್ಯಾನ್ ನಿಲ್ಲಿಸಿ, ಫೋನನ್ನು ಮೇಜಿನಂಚಿನ ಕುಶನ್ನಿನ ಮೇಲಿಟ್ಟು ಹೊಡೆತಗಳನ್ನು ಮುದ್ರಿಸಿಕೊಂಡೆವು. ದುರಸ್ತಿಗೆ ಮುಂಚೆಯೂ ಹೀಗೆಯೇ ಮುದ್ರಿಸಿಟ್ಟಿದ್ದೆ. ಫೋನ್ ಸೆಕೆಂಡಿಗೆ 48,000 ಸಲ ಸದ್ದನ್ನು ಅಳೆಯುತ್ತದೆ, ಒಂದು ಮಿಲಿಸೆಕೆಂಡಿಗೆ 48 ಬಿಂದುಗಳು ಬೀಳುತ್ತವೆ. ಹಾಗಾಗಿ ಹೊಡೆತದ ಮೊದಲ ಏರನ್ನೂ ಅದರ ಹಿಂದಿನ ಬಾಲವನ್ನೂ ತೆರೆಯ ಮೇಲೆ ಹಿಗ್ಗಿಸಿ ಬೇರೆ ಬೇರೆಯಾಗಿ ನೋಡಬಹುದು. ಹಳೆಯ ಮುದ್ರಣದಲ್ಲಿ ಏರಿನ ಬೆನ್ನಿಗೆ ಗರಗಸದ ಹಲ್ಲುಗಳಂಥ ಒರಟು ಬಾಲ ಎಳೆದುಕೊಂಡಿತ್ತು. ಹೊಸದರಲ್ಲಿ ಏರು ಚೂಪಾಗಿದೆ, ಬಾಲ ಚಿಕ್ಕದಾಗಿ ಒಂದೇ ಸಮನೆ ಇಳಿಯುತ್ತದೆ. ಇಂಥ ಹೋಲಿಕೆಗೆ ಒಂದೇ ಮೇಜು, ಒಂದೇ ಚೆಂಡು, ಫೋನಿಗೆ ಒಂದೇ ಜಾಗ ಕಡ್ಡಾಯ, ಏಕೆಂದರೆ ಕೋಣೆಯ ಗೋಡೆ ಮತ್ತು ನೆಲ ಕೂಡ ಸದ್ದಿಗೆ ತಮ್ಮ ಪಾಲು ಸೇರಿಸುತ್ತವೆ.

ಕೈಗೆ ತಿಳಿದದ್ದನ್ನು ಅಳಿಯ ನನಗಿಂತ ಚೆನ್ನಾಗಿ ಹೇಳಿದ. “ಮಾವ, ಮೊದಲು ಹೊಡೆದ ಮೇಲೆ ಕೋಲು ಕೈಯಲ್ಲಿ ಏನೋ ಹೇಳ್ತಾ ಇರ್ತಿತ್ತು. ಈಗ ಒಂದೇ ಮಾತು ಹೇಳಿ ಸುಮ್ಮನಾಗ್ತದೆ” ಎಂದ. ನಡುವಿಗೆ ಹೊಡೆದಾಗ ಬೆರಳಿಗೆ ಬರುವ ತಟ್ಟು ಮೊಟಕು. ಪಕ್ಕಕ್ಕೆ ಹೊಡೆದಾಗ ಶಾಫ್ಟ್ ಬಾಗಿ ಚೇತರಿಸಿಕೊಳ್ಳುವ ಸಣ್ಣ ಓಲಾಟ, ಕೋಲಿಗೆ ಆಸರೆಯಾಗಿ ಮೇಜಿನ ಮೇಲಿಟ್ಟ ಮುಂಗೈಯ ಸೇತುವೆಯಲ್ಲಿ ತಿಳಿಯುತ್ತದೆ. ಮೊದಲು ಈ ಎರಡರ ವ್ಯತ್ಯಾಸ ಆ ‘ಝರ್’ನಲ್ಲಿ ಮುಳುಗಿ ಹೋಗುತ್ತಿತ್ತು. ತಾನು ನಡುವಿಗೆ ಹೊಡೆದೆನೋ ಪಕ್ಕಕ್ಕೆ ಸರಿದೆನೋ ಎಂಬುದು ಚೆಂಡನ್ನು ನೋಡದೆಯೇ ಗೊತ್ತಾಗುತ್ತದೆಂದು ಅವನು ಹೇಳಿದ್ದು ನನಗೆ ಎಲ್ಲಕ್ಕಿಂತ ಹೆಚ್ಚು ಸಂತೋಷ ಕೊಟ್ಟಿತು, ಏಕೆಂದರೆ ಅಭ್ಯಾಸ ಮಾಡುವವನಿಗೆ ಕ್ಯೂವಿನಿಂದ ಬೇಕಾದದ್ದೇ ಅದು. ಹಿತ್ತಾಳೆ ಬೇಕೆಂದಿದ್ದ ಹಿರಿಯರೂ ಬಂದು ಹೊಡೆದು ನೋಡಿದರು. ಸದ್ದು ಈಗ ಸ್ವಚ್ಛವಾಗಿದೆಯೆಂದು ಒಪ್ಪಿಕೊಂಡರು, ತಮಗೆ ಇನ್ನೂ ಸ್ವಲ್ಪ ಎತ್ತರದ ಸದ್ದು ಇಷ್ಟವೆಂದೂ ಹೇಳಿದರು. ಅದು ಅಭಿರುಚಿಯ ಮಾತು. ಅದಕ್ಕೆ ಗಟ್ಟಿಯಾದ ಟಿಪ್ಪು ಸಾಕು, ಫೆರೂಲ್ ಬದಲಿಸಬೇಕಾಗಿಲ್ಲ.

ಮುಂದಿನ ಮಳೆಗಾಲಕ್ಕಾಗಿ ಶಾಫ್ಟಿನ ಮೈಯನ್ನು ಸ್ಪಿರಿಟಿನಿಂದ ಒರೆಸಿ ಚಾಕಿನ ನೀಲಿ ಕಲೆ ತೆಗೆದು, ಕಾರ್ನೌಬಾ ಮೇಣ ಹಚ್ಚಿ, ಬಿಸಿಯಾಗುವವರೆಗೆ ಚರ್ಮದಿಂದ ತಿಕ್ಕಿದ್ದೇನೆ. ಮೇಣ ತೇವವನ್ನು ಪೂರ್ತಿ ತಡೆಯದು, ಆದರೆ ಅದು ಒಳಸೇರುವ ವೇಗವನ್ನು ತಗ್ಗಿಸುತ್ತದೆ, ಮರಕ್ಕೆ ಬೇಕಾಗಿರುವುದು ಅಷ್ಟೇ. ಎರಡು ತುಂಡುಗಳನ್ನು ಬಿಚ್ಚಿ, ಸಿಲಿಕಾ ಜೆಲ್ ಚೀಲಗಳೊಡನೆ ಗಟ್ಟಿ ಪೆಟ್ಟಿಗೆಯಲ್ಲಿ ಮುಚ್ಚಿ, ಹೊರಗೋಡೆಗೆ ತಾಗದ ಕಪಾಟಿನಲ್ಲಿ ಇಡಬೇಕು. ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಒಂದು ಮಧ್ಯಾಹ್ನವೂ ಬಿಡಬಾರದು. ಜೆಲ್ಲಿನ ಮಣಿಗಳು ಬಣ್ಣ ಬದಲಿಸಿದಾಗ ಬಿಸಿ ಮಾಡಿ ಒಣಗಿಸಿ ಮತ್ತೆ ಹಾಕಬಹುದು. ಸೆಪ್ಟೆಂಬರ್ ಕಳೆದ ಮೇಲೆ ಆಲ್ಕೊಹಾಲಿನ ಹನಿಯ ಪರೀಕ್ಷೆಯನ್ನು ಇನ್ನೊಮ್ಮೆ ಮಾಡುವುದೆಂದು ಅಳಿಯನಿಗೆ ಹೇಳಿದ್ದೇನೆ. ಉಳಿದಿರುವುದು ಬಟ್‌ನ ಲಿನನ್ ಸುತ್ತು. ಅದು ಬೆವರಿಗೆ ಕೊಳೆತು ಒಂದು ಕಡೆ ಎದ್ದಿದೆ, ಸದ್ದಿಗೆ ತೊಂದರೆಯಿಲ್ಲ. ದಾರ ಸಿಕ್ಕಿದಾಗ ಅದನ್ನೂ ಬಿಚ್ಚಿ ಹೊಸದಾಗಿ ಸುತ್ತುವುದಿದೆ.